ಬಿದ್ದ ಬಾಳೆ: ಮೊದಲು ಫೋಟೋ, ಆಮೇಲೆ ಕತ್ತಿ

ಗುಂಡ್ಲುಪೇಟೆ ಕಡೆ ನಿಮ್ಮ ಬಾಳೆ ತೋಟ ಹತ್ತೇ ನಿಮಿಷದ ಗಾಳಿಗೆ ಮಲಗಿತು, ಇದು ಸುಂಟರಗಾಳಿಯಾ, ಈಗ ಏನು ಮಾಡಲಿ ಅಂತ ಕೇಳಿದ್ದೀರಿ. ಓದಿ ಹೊಟ್ಟೆ ಉರಿಯಿತು. ಗೊನೆ ಬಿಟ್ಟ ಗಿಡ ಬೀಳೋದನ್ನು ನೋಡೋಕಾಗಲ್ಲ.

ಗಿಡಗಳೆಲ್ಲ ಒಂದೇ ದಿಕ್ಕಿಗೆ ಬಿದ್ದಿವೆ ಅಂದಿರಲ್ವಾ? ಹಾಗಿದ್ದರೆ ಬಹುಶಃ ಸುತ್ತುವ ಸುಂಟರಗಾಳಿ ಅಲ್ಲ, ಮೇಲಿಂದ ಬಿದ್ದ ಗಾಳಿ. ಏಪ್ರಿಲ್-ಮೇ ತಿಂಗಳ ಗುಡುಗು ಮೋಡದಿಂದ ಮಳೆ ಬೀಳುವಾಗ ಒಂದಷ್ಟು ಹನಿ ದಾರಿಯಲ್ಲೇ ಆವಿಯಾಗುತ್ತದೆ. ಅಲ್ಲಿನ ಗಾಳಿ ತಣ್ಣಗಾಗಿ, ಭಾರವಾಗಿ, ಧೊಪ್ಪನೆ ಕೆಳಗಿಳಿದು ನೆಲದ ಮೇಲೆ ಹರಡುತ್ತದೆ. ಅದು ಬೀಳೋದು ಸಣ್ಣ ಜಾಗಕ್ಕೆ, ಅದಕ್ಕೇ ಕೆಲವೊಮ್ಮೆ ಪಕ್ಕದ ಹೊಲಕ್ಕೆ ಏನೂ ಆಗಿರಲ್ಲ.

ತೋಟದಲ್ಲಿ ಕರೆಂಟ್ ತಂತಿ ಬಿದ್ದಿದ್ದರೆ ಒಳಗೆ ಕಾಲಿಡಬೇಡಿ, ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಅಧಿಕಾರಿಗಳ ಬೆಳೆ ನಷ್ಟದ ಸರ್ವೆಗೆ ಮುಂಚೆ ಗಿಡ ಕಡಿಯಬೇಡಿ. ನಮ್ಮ ಚಿಕ್ಕಪ್ಪ ಮರುದಿನವೇ ಎಲ್ಲ ಕಡಿದು ಬದುವಿಗೆ ಹಾಕಿದ್ದರು. ಅಧಿಕಾರಿ ಬಂದಾಗ ಎಣಿಸೋಕೆ ಒಣಗಿದ ದಿಂಡು ಮಾತ್ರ ಇತ್ತು. ಸಾಲುಸಾಲಾಗಿ ಫೋಟೋ ತೆಗೆದು, ಗ್ರಾಮ ಆಡಳಿತ ಅಧಿಕಾರಿಗೂ ತೋಟಗಾರಿಕೆ ಇಲಾಖೆಗೂ ಅರ್ಜಿ ಕೊಡಿ. ಪಹಣಿಯಲ್ಲಿ ಬಾಳೆ ಅಂತಲೇ ಇದೆಯಾ ನೋಡಿ. ಪರಿಹಾರಕ್ಕೆ ನಷ್ಟ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಸಿಗೋದು ಕಡಿಮೆ, ಆದರೂ ಬಿಡಬೇಡಿ. ಬೆಳೆ ವಿಮೆ ಇದ್ದರೆ ವಿಮಾ ಕಂಪನಿಗೆ ಇವತ್ತೇ ತಿಳಿಸಿ.

ಬಲಿತ ಗೊನೆ ಚಿಪ್ಸ್‌ನವರಿಗೆ ಹೋಗುತ್ತದಾ ವಿಚಾರಿಸಿ. ಸರ್ವೆ ಮುಗಿದ ಮೇಲೆ ಬುಡಕ್ಕೊಂದು ಕತ್ತಿಯಂಥ ಎಲೆಯ ಗಟ್ಟಿ ಕಂದು (ಪಕ್ಕದಲ್ಲಿ ಹುಟ್ಟಿದ ಮರಿ ಗಿಡ) ಬಿಟ್ಟು, ಉಳಿದದ್ದು ತೆಗೆದು ಮಣ್ಣು ಏರಿಸಿ. ಬೇರು ಅಲುಗಾಡದಿದ್ದರೆ ಕೂಳೆ ಬೆಳೆ, ಅಂದರೆ ಅದೇ ಬುಡದ ಮುಂದಿನ ಬೆಳೆ, ಚೆನ್ನಾಗಿಯೇ ಬರುತ್ತದೆ.