ತಲಪಾಡಿಯಲ್ಲಿ ಏಕೆ ಇಳಿಯಬೇಕು?

"ಎರಡು ಪಂಚಾಯತಿನವರು ಕೂತು ಮಾತನಾಡಿದರೆ ಒಂದು ಬಸ್ಸು ಗಡಿಯಾಚೆ ಹೋಗದೇ?" ಎಂದು ನೀನು ಬೆಂಗಳೂರಿನಿಂದ ಕೇಳಿದ ಪ್ರಶ್ನೆಗೂ, "ಕೇರಳದವನಾದರೂ ನಿನ್ನ ಕನ್ನಡ ಚೆನ್ನಾಗಿದೆ" ಎಂದು ಜೊತೆಗೆ ದಯಪಾಲಿಸಿದ ಸರ್ಟಿಫಿಕೇಟಿಗೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತೇ ಹೊರತು ನಮ್ಮ ಅಜ್ಜ ಮನೆ ಬದಲಿಸಿದವರಲ್ಲ.

ಕಾಸರಗೋಡು–ಮಂಗಳೂರು ನಡುವೆ ಎರಡೂ ರಾಜ್ಯಗಳ ಸರಕಾರಿ ಬಸ್ಸುಗಳು ಓಡುತ್ತವೆ. ಹೆದ್ದಾರಿ ಬದಿಯವರಿಗೆ ಅಷ್ಟು ಸಾಕು. ತೊಡಕಿರುವುದು ಖಾಸಗಿ ಬಸ್ಸನ್ನೇ ನಂಬಿದ ನಮ್ಮಂಥ ಒಳಭಾಗದವರಿಗೆ. ಮಂಗಳೂರಿನ ಸಿಟಿ ಬಸ್ಸು ಎರಡು ರಾಜ್ಯಗಳ ಗಡಿಯಲ್ಲಿರುವ ತಲಪಾಡಿಗೆ ಬಂದು ತಿರುಗುತ್ತದೆ. ನಮ್ಮ ಕಡೆಯದೂ ಅಲ್ಲಿಗೇ ಬಂದು ತಿರುಗುತ್ತದೆ. ಗಡಿಯಾಚೆ ಕರ್ನಾಟಕದ ದೇರಳಕಟ್ಟೆಯ ಆಸ್ಪತ್ರೆಗೆ ಹೊರಟ ನನ್ನ ತಾಯಿ, ಎಕ್ಸ್‌ರೇ ಇರುವ ದೊಡ್ಡ ಲಕೋಟೆ ಮಳೆಗೆ ತೋಯದಂತೆ ಸೆರಗಿನೊಳಗೆ ಅವಚಿಕೊಂಡು, ಒಂದು ಬಸ್ಸಿನಿಂದ ಇಳಿದು ಇನ್ನೊಂದರತ್ತ ನಡೆಯುತ್ತಾರೆ.

ಪಂಚಾಯತಿನವರು ಮಾತನಾಡಲಿಲ್ಲವೆಂದಲ್ಲ. ನಮ್ಮ ಗ್ರಾಮಸಭೆ ನಿರ್ಣಯ ಮಾಡಿತು, ಗಡಿಯಾಚೆಯವರೂ ಬಸ್ಸು ಬೇಕೆಂದರು. ಆದರೆ ಸಂವಿಧಾನದ ಹನ್ನೊಂದನೆಯ ಅನುಸೂಚಿ ರಸ್ತೆ, ಮೋರಿ, ಸೇತುವೆಗಳನ್ನು ಪಂಚಾಯತಿನ ವಿಷಯಗಳೆಂದು ಪಟ್ಟಿಮಾಡಿದ್ದರೂ, ಆ ರಸ್ತೆಯ ಮೇಲೆ ಓಡುವ ಬಸ್ಸಿನ ಪರ್ಮಿಟ್ಟು ಅವರ ಕೈಯಲ್ಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 88ನೆಯ ಕಲಮಿನಂತೆ, ಒಂದು ರಾಜ್ಯದ ಪರ್ಮಿಟ್ಟಿಗೆ ಇನ್ನೊಂದು ರಾಜ್ಯದ ಸಾರಿಗೆ ಪ್ರಾಧಿಕಾರದ ಮೇಲುರುಜು ಬೀಳಬೇಕು. ಎಷ್ಟು ಪರ್ಮಿಟ್ಟೆಂದು ರಾಜ್ಯಗಳು ಒಪ್ಪಂದ ಮಾಡಿಕೊಳ್ಳುವುದಾದರೆ, ಎರಡೂ ಸರಕಾರಗಳು ಅದನ್ನು ರಾಜಪತ್ರದಲ್ಲಿಯೂ ಪತ್ರಿಕೆಯಲ್ಲಿಯೂ ಪ್ರಕಟಿಸಿ ಅಹವಾಲಿಗೆ ಕನಿಷ್ಠ 30 ದಿನ ಕೊಡಬೇಕು.

ಇದೇ ಕಲಮಿನಲ್ಲಿ ಒಂದು ವಿನಾಯಿತಿಯಿದೆ, ಅದನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಹೊರಡುವ ಮತ್ತು ತಲುಪುವ ಊರುಗಳೆರಡೂ ಒಂದೇ ರಾಜ್ಯದಲ್ಲಿದ್ದು, ನಡುವೆ 16 ಕಿಲೋಮೀಟರಿಗೆ ಮೀರದಷ್ಟು ದಾರಿ ಪಕ್ಕದ ರಾಜ್ಯದಲ್ಲಿ ಹಾದರೆ ಮೇಲುರುಜು ಬೇಡ. ಪಕ್ಕದ ಮನೆಯ ಅಂಗಳ ಹಾದುಹೋಗಬಹುದು, ಜಗಲಿಯಲ್ಲಿ ಕೂರುವಂತಿಲ್ಲ. ನಮಗೆ ಬೇಕಾದದ್ದು ಜಗಲಿ. ಆಸ್ಪತ್ರೆ, ಕಾಲೇಜು, ನೆಂಟರು ಇರುವುದೆಲ್ಲ ಅಲ್ಲಿಯೇ.

ನಿರ್ಣಯದ ಪ್ರತಿಗಳು ಎರಡು ರಾಜಧಾನಿಗಳಿಗೆ ಹೋದವು. ಬೆಂಗಳೂರಿಗೆ ಹೋದದ್ದು ಕನ್ನಡದಲ್ಲಿತ್ತು; ತಿರುವನಂತಪುರಕ್ಕೆ ಕಳುಹಿಸಬೇಕಾದದ್ದನ್ನು ಮಲಯಾಳಕ್ಕೆ ಅನುವಾದಿಸಿ ಕೊಟ್ಟವನು ನಾನೇ, ನೀನು ಕನ್ನಡಕ್ಕೆ ಸರ್ಟಿಫಿಕೇಟು ಕೊಟ್ಟವನು. ಉತ್ತರ ಎಲ್ಲಿಂದಲೂ ಬಂದಿಲ್ಲ. ರಜೆಗೆ ನೀನು ಬರುವಾಗ ತಲಪಾಡಿಯಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆ. ಕೊಡೆ ಹಿಡಿದು ಈಚೆ ಬದಿಯಲ್ಲಿ ನಿಂತಿರುತ್ತೇನೆ.