ಕಾಸರಗೋಡಿನ ಮಳೆಗೆ ಮಾಡ್ಯುಲರ್ ಮನೆ ಆಗಬಹುದಾ?

ನೀವು ಗಲ್ಫಿನಲ್ಲಿದ್ದೀರಿ, ಪೆರ್ಲದ ಹತ್ತಿರ ಗುಡ್ಡೆಯ ಬದಿಯಲ್ಲಿ 10 ಸೆಂಟ್ಸ್ ಜಾಗ ಇದೆ, ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ. ಕಾರ್ಖಾನೆಯಲ್ಲಿ ತಯಾರಾಗಿ ಬರುವ ಮನೆ 3 ತಿಂಗಳಲ್ಲಿ ಮುಗಿಯುತ್ತದಂತೆ, ತೆಗೆದುಕೊಳ್ಳಬಹುದಾ ಅಂತ ಕೇಳಿದ್ದೀರಿ. ಬದಿಯಡ್ಕದ ಆಸುಪಾಸಿನಲ್ಲಿ ಮನೆ ಕಟ್ಟಿಸುವ ಕೆಲಸದಲ್ಲೇ ಇರುವವನಾಗಿ ಹೇಳುತ್ತೇನೆ.

ಬೇಗ ಮುಗಿಯುತ್ತದೆ ಎಂಬುದನ್ನು ನಂಬಬಹುದು. ಇತ್ತ ಪಂಚಾಂಗ (ಅಡಿಪಾಯ) ಹಾಕುವಾಗಲೇ ಅತ್ತ ಗೋಡೆ ತಯಾರಾಗುತ್ತಿರುತ್ತದೆ. ಮೇಸ್ತ್ರಿ ಸಿಗಲಿಲ್ಲ, ಕೆಲಸದವರು ಊರಿಗೆ ಹೋದರು ಎಂಬ ರಗಳೆ ಕಡಿಮೆ. ದೂರದಲ್ಲಿರುವವರಿಗೆ ಇದು ಸಣ್ಣ ಲಾಭವಲ್ಲ. ಉಕ್ಕಿನ ಚೌಕಟ್ಟಿಗೆ ಒರಳೆ (ಗೆದ್ದಲು) ಹಿಡಿಯುವುದಿಲ್ಲ. ಎರಡು ತಗಡಿನ ನಡುವೆ ಫೋಮ್ ತುಂಬಿದ ಪಫ್ ಪ್ಯಾನೆಲ್ ಹಾಕಿದರೆ ಏಪ್ರಿಲ್ ಸೆಕೆಯೂ ಒಳಗೆ ಅಷ್ಟು ಬಾರದು.

ಆದರೆ ಚದರಡಿಗೆ ಇಷ್ಟು ಅಂತ ಹೇಳುತ್ತಾರಲ್ಲ, ಆ ರೇಟಿನ ಮೇಲೆ ಲೆಕ್ಕ ಹಾಕಬೇಡಿ. ಪಂಚಾಂಗ, ಸೆಪ್ಟಿಕ್ ಟ್ಯಾಂಕ್, ಗುಡ್ಡೆ ಕಡಿದು ಸಮ ಮಾಡುವ ಜೆಸಿಬಿ, ಕ್ರೇನ್ ಬಾಡಿಗೆ ಸಾಮಾನ್ಯವಾಗಿ ಅದರೊಳಗೆ ಇರುವುದಿಲ್ಲ. ಇಂಥ ಪ್ರಿಫ್ಯಾಬ್ (ಕಾರ್ಖಾನೆಯಲ್ಲಿ ತಯಾರಾದ) ಕಟ್ಟಡಕ್ಕೆ 18 ಶೇಕಡಾ ಜಿಎಸ್‌ಟಿ ಬೇರೆ. ಈ ಪದ್ಧತಿ ಅಗ್ಗವಾಗುವುದು ಒಂದೇ ನಮೂನೆಯ ಮನೆ ನೂರಾರು ಮಾಡುವಲ್ಲಿ. ಕೇಂದ್ರ ಸರಕಾರದ ವಸತಿ ಯೋಜನೆಯಾದ ಚೆನ್ನೈಯ ಲೈಟ್ ಹೌಸ್ ಯೋಜನೆಯಲ್ಲಿ ಮೊದಲೇ ಎರಕ ಹೊಯ್ದ ಕಾಂಕ್ರೀಟ್ ಭಾಗಗಳನ್ನು ಜೋಡಿಸಿ 1,152 ಮನೆ ಮಾಡಿದರು, 2022ರಲ್ಲಿ ಉದ್ಘಾಟನೆಯೂ ಆಯಿತು. ಗುಡ್ಡೆಯ ಮೇಲಿನ ಒಂಟಿ ಮನೆಗೆ ಆ ಲೆಕ್ಕ ಕೂಡುವುದಿಲ್ಲ. ಇಡೀ ಕೋಣೆಯೇ ಲಾರಿಯಲ್ಲಿ ಬರುವ ಮಾದರಿಯಾದರೆ ನಮ್ಮ ಒಳರಸ್ತೆಯ ತಿರುವು, ತಗ್ಗಿನಲ್ಲಿ ಹಾದುಹೋದ ವಿದ್ಯುತ್ ತಂತಿ, ಬದಿಯ ಕಂಗು ಎಲ್ಲವೂ ಅಡ್ಡ. ಬಿಡಿ ಪ್ಯಾನೆಲ್ ತಂದು ಜಾಗದಲ್ಲೇ ಜೋಡಿಸುವುದನ್ನು ಮಾತ್ರ ನೋಡಿ.

ನನಗೆ ನಿಜವಾದ ಚಿಂತೆ ಮಳೆಯದು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಸುರಿಯುವ ಜಿಲ್ಲೆ ಇದು, ಅದರಲ್ಲೂ ಗಾಳಿ ಸಮೇತ ಅಡ್ಡಕ್ಕೆ ಹೊಡೆಯುವ ಮಳೆ. ಪ್ಯಾನೆಲ್ ಮನೆಯಲ್ಲಿ ನೀರು ನುಗ್ಗುವುದು ಸಂದುಗಳಲ್ಲಿ. ಅಲ್ಲಿ ತುಂಬುವ ಸೀಲೆಂಟ್ ಶಾಶ್ವತವಲ್ಲ, ಬಿಸಿಲಿಗೆ ಬಿರಿಯುತ್ತದೆ, ಕೆಲವು ವರ್ಷಕ್ಕೊಮ್ಮೆ ಕೆತ್ತಿ ಹೊಸತು ಹಾಕಲೇಬೇಕು. ಚಿತ್ರದಲ್ಲಿ ಚಂದ ಕಾಣುವ, ಮಾಡಿನ ಚಾಚೇ ಇಲ್ಲದ ಪೆಟ್ಟಿಗೆಯಂಥ ಮನೆಯನ್ನು ದಯವಿಟ್ಟು ಆರಿಸಬೇಡಿ. ಸುತ್ತಲೂ 3 ಅಡಿಯಾದರೂ ಮಾಡು ಚಾಚಿರಲಿ, ಮಳೆ ಬರುವ ದಿಕ್ಕಿಗೆ ಜಗಲಿ ಇರಲಿ. ಬರೀ ತಗಡಿನ ಮಾಡಾದರೆ ಜುಲೈಯಲ್ಲಿ ಎದುರು ಕೂತವರ ಮಾತೂ ಕೇಳಿಸದು. ತಗಡಿನ ಕೆಳಗೆ ಶಬ್ದ ತಡೆಯುವ ಪದರ ಬೇಕು. ತುಕ್ಕಿನ ವಿಷಯಕ್ಕೆ, ಚೌಕಟ್ಟಿಗೆ ಎಷ್ಟು ಸತುವಿನ ಲೇಪ ಅಂತ ಬರೆಸಿಕೊಳ್ಳಿ, ಚದರ ಮೀಟರಿಗೆ 275 ಗ್ರಾಂ ಕೇಳಿ. ಜಾಗದಲ್ಲಿ ವೆಲ್ಡ್ ಮಾಡಿದರೆ ಆ ಲೇಪವೇ ಸುಟ್ಟುಹೋಗುತ್ತದೆ, ಸ್ಕ್ರೂ ಜೋಡಣೆಯೇ ಮೇಲು. ಕುಂಬಳೆ, ಉಪ್ಪಳದ ಕಡಲ ಬದಿಯಾದರೆ ನಾನು ಬೇಡವೆಂದೇ ಹೇಳುತ್ತಿದ್ದೆ. ಪೆರ್ಲಕ್ಕೆ ಉಪ್ಪುಗಾಳಿಯ ಕಾಟ ಅಷ್ಟಿಲ್ಲ.

ಇನ್ನೊಂದು, ಯಾರೂ ಮೊದಲು ಯೋಚಿಸದ್ದು: ಅಡಕೆ ಎಲ್ಲಿ ಒಣಗಿಸುತ್ತೀರಿ? ಟೆರೇಸು ಇರುವುದಿಲ್ಲ. 1,000 ಲೀಟರ್ ನೀರಿನ ಟಾಂಕಿಯೆಂದರೆ ಒಂದು ಟನ್ನು, ಅದಕ್ಕೆ ಬೇರೆಯೇ ಸ್ಟ್ಯಾಂಡ್ ಬೇಕು. ಮುಂದೆ ಮಾಳಿಗೆ ಏರಿಸುವ ಆಸೆಯಿದ್ದರೆ ಈಗಲೇ ಡಿಸೈನಿನಲ್ಲಿ ಸೇರಿಸಬೇಕು.

ಪಂಚಾಯತಿನ ಪರವಾನಗಿ ಇದಕ್ಕೂ ಬೇಕು, ಮನೆ ನಂಬರೂ ಆಗಬೇಕು. ಬ್ಯಾಂಕ್ ಸಾಲ ಕೆಲಸ ಏರಿದ ಹಾಗೆ ಕಂತಿನಲ್ಲಿ ಬರುತ್ತದೆ, ಕಂಪೆನಿಯವರು ಮಾಲು ಹೊರಡುವ ಮೊದಲೇ ಹೆಚ್ಚಿನ ಹಣ ಕೇಳುತ್ತಾರೆ. ಎರಡಕ್ಕೂ ಹೊಂದಿಕೆ ಆಗುತ್ತದೆಯೇ ಎಂದು ಮುಂಗಡ ಕೊಡುವ ಮೊದಲೇ ಬ್ಯಾಂಕಿನಲ್ಲಿ ವಿಚಾರಿಸಿ.

ನನ್ನ ಅಭಿಪ್ರಾಯ ಕೇಳಿದರೆ, ಪಂಚಾಂಗ ಮತ್ತು ಗೋಡೆ ಊರಿನದೇ ಮುರಕಲ್ಲಿನಲ್ಲಿ (ಕೆಂಪು ಕಲ್ಲಿನಲ್ಲಿ) ಆಗಲಿ, ಮಾಡು ಹೊರುವ ಉಕ್ಕಿನ ಚೌಕಟ್ಟು, ಅಂದರೆ ಟ್ರಸ್ ಮಾತ್ರ ಕಾರ್ಖಾನೆಯಿಂದ ಬರಲಿ. ಮುರಕಲ್ಲು ಇಲ್ಲೇ ಸಿಗುತ್ತದೆ, ರಿಪೇರಿಗೆ ಜನವೂ ಇಲ್ಲೇ ಇದ್ದಾರೆ; ಪ್ಯಾನೆಲ್ ಸೋರಿದರೆ ನಿಮ್ಮ ಅಪ್ಪ ಅಮ್ಮ ದೂರದ ಕಂಪೆನಿಗೆ ಫೋನ್ ಮಾಡಿ ಕಾಯಬೇಕಾಗುತ್ತದೆ. ಅಷ್ಟು ಸಮಯ ಇಲ್ಲ, ಮಾಡ್ಯುಲರೇ ಬೇಕು ಅಂತಾದರೆ, ಅದೇ ಕಂಪೆನಿ ಕರಾವಳಿಯಲ್ಲಿ ಕಟ್ಟಿದ, ಮೂರು ನಾಲ್ಕು ಮಳೆಗಾಲ ಕಂಡ ಮನೆ ತೋರಿಸಲು ಹೇಳಿ. ಜೋರು ಮಳೆಯ ಆಟಿ ತಿಂಗಳಲ್ಲೇ ಮನೆಯವರನ್ನು ಯಾರನ್ನಾದರೂ ಕಳಿಸಿ, ಕಿಟಕಿಯ ಮೂಲೆ ಮತ್ತು ಬಚ್ಚಲಿನ ಹಿಂದಿನ ಗೋಡೆ ಮುಟ್ಟಿ ನೋಡಲಿ.