ಸಿರುಗುಪ್ಪ ಹೊಳೆದಂಡೆ ಹಳ್ಳಿಯಲ್ಲಿ ಹೊಸ ಕೋಣೆಗೆ ಪಾಯ ಎಷ್ಟು ಎತ್ತರ?

ಹೊಳೆ ನೀರು ಬಂದು ಇಳಿದ ಮೇಲೆ ಹಳೆ ಮನೆಯ ನೆಲ ಕುಗ್ಗಿ ಗೋಡೆ ಬಿರುಕು ಬಿಟ್ಟಿದೆ, ಅದಕ್ಕೆ ಹೊಂದಿಸಿ ಕಟ್ಟುವ ಹೊಸ ಕೋಣೆಗೆ ಪಾಯ ಎಷ್ಟು ಎತ್ತರ ಬೇಕು ಅಂತ ಕೇಳಿದ್ದೀರಿ. ಅದು ಬಹುಶಃ ಕಪ್ಪು ಎರೆಮಣ್ಣಿನ ಕೆಲಸ. ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹಳೆ ಪಾಯದೊಳಗೂ ಅದನ್ನೇ ತುಂಬಿಸಿರಬಹುದು. ಹಾಗಾಗಿ ಹೊಸ ಕೋಣೆಯ ಪಾಯ ಸುಮ್ನೆ ಎತ್ತರಿಸಿದರೆ ಸಾಲದು.

ಮೊದಲು ಪಂಚಾಯ್ತಿಯಲ್ಲಿ ಆ ಜಾಗದಲ್ಲಿ ಕಟ್ಟಲು ಪರವಾನಗಿ ಸಿಗುತ್ತದಾ ಕೇಳಿ. ಆಮೇಲೆ 2009ರ ಪ್ರವಾಹದ ನೀರು ಎಲ್ಲಿವರೆಗೆ ಬಂದಿತ್ತು ಅಂತ ಓಣಿಯ ಹಿರಿಯರಿಂದ ತಿಳಿದು ಗೋಡೆ ಮೇಲೆ ಗುರುತು ಹಾಕಿ. ತುಂಗಭದ್ರಾ ಡ್ಯಾಮಿಂದ ಪ್ರತಿ ವರ್ಷ ಬಿಡುವ ನೀರಿನ ಅಳತೆ ಹಿಡಿಯಬೇಡಿ. ನೆಲ ಆ ಗುರುತಿಗಿಂತ 2 ಅಡಿ ಮೇಲಿರಲಿ. ಅಷ್ಟಕ್ಕೆ ಆಳೆತ್ತರದ ಪಾಯ ಬೇಕಾದರೆ ಕಂಬಗಳ ಮೇಲೆ ಕಟ್ಟಿ, ಕೆಳಗೆ ನೀರು ಹಾದುಹೋಗಲಿ.

ಗುಂಡಿ ತೋಡಿಸಿ ಎರೆ ಎಷ್ಟು ಆಳವಿದೆ ನೋಡಿ. ಇದನ್ನು ನೋಡದೆ ಎಂಥ ಪಾಯ ಬೇಕು ಅಂತ ಇಲ್ಲಿಂದ ಯಾರೂ ಹೇಳಲಾರರು. ನಾಲ್ಕೈದು ಅಡಿಗೆ ಗಟ್ಟಿ ಗರಸು (ಮೊರಂ) ಸಿಕ್ಕರೆ ಮಾಮೂಲಿ ಕಾಲಂ ಪಾಯ ನಡೆಯುತ್ತದೆ. ಎರೆ ಇನ್ನೂ ಆಳಕ್ಕಿದ್ದರೆ ಅಂಡರ್-ರೀಮ್ಡ್ ಪೈಲ್ ಹಾಕಿಸಿ, ಅಂದರೆ ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ: ಸುಮಾರು ಮೂರೂವರೆ ಮೀಟರ್ ಆಳ, ಬುಡದಲ್ಲಿ ಅಗಲ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು (ಸಿಬಿಆರ್‌ಐ) ಇಂಥ ಮಣ್ಣಿಗೆಂದೇ ಬೆಳೆಸಿದ ವಿಧಾನ. ಕಬ್ಬಿಣದ ಲೆಕ್ಕ ಮಾತ್ರ ಇಂಜಿನಿಯರ್ ಹಾಕಲಿ. ಪೈಲ್‌ಗಳ ಮೇಲೆ ಗೋಡೆ ಹೊರುವ ಬೀಮಿನ ಅಡಿಗೆ ಸುಮಾರು 3 ಇಂಚು ಖಾಲಿ ಬಿಡಿಸಿ, ಇಲ್ಲದಿದ್ದರೆ ಉಬ್ಬಿದ ಮಣ್ಣು ಬೀಮನ್ನೇ ಎತ್ತುತ್ತದೆ. ಮೇಸ್ತ್ರಿ 'ಏನೂ ಬೇಕಾಗಿಲ್ರೀ' ಅಂದರೂ ಪಟ್ಟು ಬಿಡಬೇಡಿ.

ಪಾಯದೊಳಗೆ ಗರಸು ಮಾತ್ರ ತುಂಬಿಸಿ, 6 ಇಂಚಿಗೊಂದು ಪದರ, ನೀರು ಹಾಕಿ ಕುಟ್ಟಿಸಿ. ಹೊಸ ಗೋಡೆಯನ್ನು ಹಳೆಯದಕ್ಕೆ ಕಚ್ಚಿಸಬೇಡಿ, ಇಂಚಿನಷ್ಟು ಸಂದು ಇರಲಿ. ಸ್ವಿಚ್ ಬೋರ್ಡು, ಮೀಟರು ಆ ನೀರಿನ ಗುರುತಿಗಿಂತ ಮೇಲಿರಲಿ.